ಶಿಷ್ಯನಿಗೆ ತಬಲಾ ನುಡಿಸಿದ ಗುರು

ಶ್ರಾವಣ ಬಂತೆಂದರೆ ಸಿರುಗುಪ್ಪ, ಕುರುಗೋಡು ಸೀಮೆಯ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳ ಪಕ್ಕದಲ್ಲಿ ಒಬ್ಬ ಗವಾಯಿ, ಒಬ್ಬ ತಬಲಾ ಸಾಥಿ ಇರಲೇಬೇಕು. ಎಲ್ಲಿ ಕಲಿತಿರಿ ಎಂದು ಕೇಳಿದರೆ ಹಲವರು ಹೇಳುವುದು ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನೇ. ಆ ಆಶ್ರಮವನ್ನು ಬೆಳೆಸಿದ ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಕುರಿತು ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಗವಾಯಿಗಳು 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಮನೆಯಲ್ಲಿಟ್ಟ ಹೆಸರು ಗದಿಗೆಯ್ಯ. ಅವರಿಗೂ ಅಣ್ಣನಿಗೂ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅಂಧ ಮಕ್ಕಳಿಗೆ ಭಿಕ್ಷೆಯ ಹೊರತು ಬೇರೆ ದಾರಿಯೇ ಇಲ್ಲವೆಂದು ಜನ ನಂಬಿದ್ದ ಕಾಲ ಅದು. ಹಾನಗಲ್ಲ ಕುಮಾರಸ್ವಾಮಿಗಳು ಈ ಹುಡುಗರ ಕಂಠವನ್ನು ಗುರುತಿಸಿ, ಸಂಗೀತ ಕಲಿಸುವ ಹೊಣೆ ಹೊತ್ತರು. ಅಣ್ಣ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ತಮ್ಮ ಮೈಸೂರು ಕಡೆ ಹೋಗಿ ಕರ್ನಾಟಕ ಸಂಗೀತ ಕಲಿತರು. ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಕಲಿತರು. ಹಾಡುಗಾರಿಕೆಯ ಜೊತೆಗೆ ವಾದ್ಯಗಳೂ ಕೈವಶವಾದವು.

ಇಷ್ಟು ವಿದ್ಯೆಯಿದ್ದವರು ಕಚೇರಿ ಮಾಡಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಅವರು ಆರಿಸಿಕೊಂಡದ್ದು ಅಂಧ, ಅನಾಥ, ಬಡ ಮಕ್ಕಳನ್ನು. ಮದುವೆಯಾಗಲಿಲ್ಲ. ಮೊದಲು ಊರಿಂದೂರಿಗೆ ಹೋಗುವ ಸಂಚಾರಿ ಸಂಗೀತ ಶಾಲೆ ನಡೆಸಿದರು. ಆಮೇಲೆ ಗದಗಿನಲ್ಲಿ ನೆಲೆ ನಿಂತರು. ಮಕ್ಕಳಿಗೆ ಊಟ, ವಸತಿ, ಪಾಠ ಎಲ್ಲವೂ ಉಚಿತ. ಭಕ್ತರು ಕೊಟ್ಟ ಕಾಳುಕಡಿಯೇ ಆಶ್ರಮಕ್ಕೆ ಆಧಾರ. ನಾಟಕ ಕಂಪನಿಯನ್ನೂ ಕಟ್ಟಿದರು.

ನಮ್ಮ ಜಿಲ್ಲೆಯವರು ನೆನಪಿಡಬೇಕಾದ ಸಂಗತಿಯೊಂದಿದೆ. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವ ನಡೆಯಿತು. ಹಂಪಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಲ್ಲಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಮೊದಲ ಬಾರಿ ದೊಡ್ಡ ಸಭೆಯೆದುರು ಹಾಡಿದರು. ವಯಸ್ಸು ಇನ್ನೂ 20 ದಾಟಿರಲಿಲ್ಲ. ಹಾಡಲು ಗುರುಗಳೇ ಕೂರಬಹುದಿತ್ತು. ಅವರು ಶಿಷ್ಯನನ್ನು ಮುಂದೆ ಕೂರಿಸಿ, ತಾವು ಪಕ್ಕದಲ್ಲಿ ತಬಲಾ ಹಿಡಿದರು. ಮುಂದೆ ಆ ಹುಡುಗ ದೇಶವೇ ಮೆಚ್ಚಿದ ಗಾಯಕನಾದ.

ಗವಾಯಿಗಳು 1944ರಲ್ಲಿ, 52ನೆಯ ವಯಸ್ಸಿಗೆ ಲಿಂಗೈಕ್ಯರಾದರು. ಅವರ ಕೈಯಲ್ಲೇ ಬೆಳೆದ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ, ಅಂದರೆ ಇನ್ನೂ 66 ವರ್ಷ ಆಶ್ರಮ ನಡೆಸಿದರು. ಗುರುವಿನ ಜೀವನ ಸಿನಿಮಾ ಕೂಡ ಆಯಿತು. ಅದರಲ್ಲಿ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಸಂಗೀತ ನೀಡಿದ ಹಂಸಲೇಖ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನಂಥವರನ್ನು ಊರವರು ಮೊದಲು ಕೇಳುವುದು ಸಂಬಳವನ್ನು. ಗವಾಯಿಗಳ ಲೆಕ್ಕವೇ ಬೇರೆ: ತನ್ನಿಂದ ಎಷ್ಟು ಮಕ್ಕಳು ತಮ್ಮ ಕಾಲ ಮೇಲೆ ನಿಂತರು ಎಂಬುದು. ನಮಗೆ ಪಾಠ ಹೇಳಿದ ಗುರುಗಳ ಲೆಕ್ಕವೂ ಇದೇ ಅಲ್ಲವೇ?

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಕಾರ್ಯಕ್ರಮದ ಖರ್ಚು ಕಳೆದು ಹಣ ಉಳಿದರೆ ಶಾಲೆಗೆ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ ಕೊಡಿಸೋಣ. ವಾರಕ್ಕೊಮ್ಮೆ ಬಂದು ಕಲಿಸುವ ಗವಾಯಿಗಳು ನಮ್ಮ ಸೀಮೆಯಲ್ಲೇ ಇದ್ದಾರೆ. ಮೊದಲ ವರ್ಷದ ಅವರ ಗೌರವಧನ ನನ್ನದು.