ಗಾಳಿಯ ಲೆಕ್ಕ ಬಿಡಿಸಿದ ಖಾನ್

ನಮ್ಮ ಸಿವಿಲ್ ಬ್ರಾಂಚಿನಲ್ಲಿ ಎಸ್‌ಓಎಂ ಅಂದ್ರೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. ಇಂಟರ್ನಲ್ಸ್ ಹತ್ತಿರ ಬಂದಾಗ ಎಲ್ಲರೂ ಬೈಯುವ ಸಬ್ಜೆಕ್ಟ್. ಆದರೆ ಅಮೆರಿಕದ ಶಿಕಾಗೋದಲ್ಲಿ ಎಸ್‌ಓಎಂ ಅಂದ್ರೆ ಸ್ಕಿಡ್‌ಮೋರ್, ಓವಿಂಗ್ಸ್ ಆಂಡ್ ಮೆರಿಲ್ ಅನ್ನೋ ದೊಡ್ಡ ಆರ್ಕಿಟೆಕ್ಚರ್ ಕಂಪನಿ. ನಾವು ಬೈಯುವ ಅದೇ ಸಬ್ಜೆಕ್ಟನ್ನು ಹಿಡಿದು, ಆ ಕಂಪನಿಯಲ್ಲಿ ಕೂತು, ಅಮೆರಿಕದ ನಗರಗಳ ಆಕಾರವನ್ನೇ ಬದಲಾಯಿಸಿದವರು ಫಜ್ಲುರ್ ರಹಮಾನ್ ಖಾನ್.

ಖಾನ್ ಹುಟ್ಟಿದ್ದು 1929ರ ಏಪ್ರಿಲ್ 3ರಂದು, ಢಾಕಾದಲ್ಲಿ. ತಂದೆ ಗಣಿತದ ಮೇಷ್ಟ್ರು. ಇಂಜಿನಿಯರಿಂಗ್ ಓದಲು ಕಲ್ಕತ್ತಾ ಪಕ್ಕದ ಶಿಬ್‌ಪುರದ ಬೆಂಗಾಲ್ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದರು. ನಡುವೆ ದೇಶವೇ ಎರಡಾಯಿತು. ಗಲಭೆಗಳಿಂದಾಗಿ ಢಾಕಾಗೆ ವಾಪಸ್ ಹೋಗಿ ಅಲ್ಲಿನ ಅಹಸಾನುಲ್ಲಾ ಇಂಜಿನಿಯರಿಂಗ್ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದರು. 1952ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಮೂರೇ ವರ್ಷದಲ್ಲಿ ಎರಡು ಮಾಸ್ಟರ್ಸ್ ಡಿಗ್ರಿ, ಅದರ ಮೇಲೊಂದು ಪಿಎಚ್‌ಡಿ! ಒಂದು ಬ್ಯಾಕ್‌ಲಾಗ್ ಕ್ಲಿಯರ್ ಮಾಡೋಕೇ ಒಂದು ವರ್ಷ ತಗೊಳ್ಳೋ ನಮಗೆ ಇದನ್ನು ಓದಿದ್ರೇ ಸುಸ್ತಾಗುತ್ತೆ. 1955ರಲ್ಲಿ ಎಸ್‌ಓಎಂ ಸೇರಿದರು. ಮಧ್ಯೆ ಕರಾಚಿಗೆ ಹೋಗಿ ಸ್ವಲ್ಪ ಕಾಲ ಕೆಲಸ ಮಾಡಿ, 1960ರಲ್ಲಿ ಮತ್ತೆ ಶಿಕಾಗೋಗೇ ಬಂದರು.

ಶಿಕಾಗೋಗೂ ಎತ್ತರದ ಕಟ್ಟಡಗಳಿಗೂ ಹಳೇ ನಂಟು. 1871ರ ಬೆಂಕಿಯಲ್ಲಿ ಊರಿನ ದೊಡ್ಡ ಭಾಗ ಸುಟ್ಟುಹೋಯ್ತು. ಅದನ್ನು ಮತ್ತೆ ಕಟ್ಟುವ ಭರಾಟೆಯಲ್ಲೇ 1885ರಲ್ಲಿ 10 ಅಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡ ಎದ್ದಿತು. ಮೊದಲ ಗಗನಚುಂಬಿ ಅಂತ ಹೆಸರಾಗಿದ್ದು ಅದೇ. ಆಮೇಲೆ ನ್ಯೂಯಾರ್ಕ್ ಸ್ಪರ್ಧೆಗೆ ಇಳಿಯಿತು. 1931ರಲ್ಲಿ 381 ಮೀಟರ್ ಎತ್ತರದ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮುಗಿಯಿತು. ಅಲ್ಲಿಗೆ ಮೇಲೇರುವ ಆಟ ನಿಂತುಹೋಯ್ತು. ಮೊದಲು ಆರ್ಥಿಕ ಕುಸಿತ, ಆಮೇಲೆ ಯುದ್ಧ. 1960ರ ದಶಕಕ್ಕೆ ಬರುವಾಗ ಕಂಪನಿಗಳ ಕೈಯಲ್ಲಿ ದುಡ್ಡಿತ್ತು, ನಗರದ ನಡುವೆ ಜಾಗಕ್ಕೆ ಬೇಡಿಕೆಯಿತ್ತು. ಅಡ್ಡ ನಿಂತಿದ್ದು ಖರ್ಚು.

ಯಾಕೆ ಅಂತ ನಮ್ಮ ಕ್ಲಾಸ್ ನೋಟ್ಸ್‌ನಲ್ಲೇ ಇದೆ. ಎತ್ತರದ ಕಟ್ಟಡ ಅಂದ್ರೆ ನೆಲದಲ್ಲಿ ನೆಟ್ಟ ಕ್ಯಾಂಟಿಲಿವರ್. ಗಾಳಿ ಅದನ್ನು ಪಕ್ಕದಿಂದ ತಳ್ಳುತ್ತೆ. ಗಾಳಿಯ ಒತ್ತಡ ಎಲ್ಲ ಕಡೆ ಒಂದೇ ಅಂದುಕೊಂಡರೂ, ಎತ್ತರ 2 ಪಟ್ಟಾದರೆ ಬುಡದ ಬೆಂಡಿಂಗ್ ಮೊಮೆಂಟ್ 4 ಪಟ್ಟಾಗುತ್ತೆ, ತುದಿಯ ಡಿಫ್ಲೆಕ್ಷನ್ 16 ಪಟ್ಟಾಗುತ್ತೆ. ಹಳೇ ಪದ್ಧತಿಯಲ್ಲಿ ಕಂಬ-ತೊಲೆಗಳನ್ನು ಕಟ್ಟಡದ ಒಳಗೆಲ್ಲ ಹರಡುತ್ತಿದ್ದರು. ಮೇಲೆ ಹೋದಷ್ಟೂ, ಭಾರ ಹೊರೋಕೆ ಬೇಕಾದ ಉಕ್ಕಿನ ಜೊತೆ ಗಾಳಿಯನ್ನು ತಡೆಯೋಕೇ ಅಂತ ಇನ್ನಷ್ಟು ಉಕ್ಕು ಸುರಿಯಬೇಕಿತ್ತು. ಒಂಥರಾ ಎತ್ತರಕ್ಕೆ ಕಟ್ಟುವ ದಂಡ.

ಖಾನ್ ಈ ದಂಡವನ್ನೇ ಇಳಿಸೋಕೆ ಹೊರಟರು. ಬಿದಿರನ್ನು ನೋಡಿ. ಒಳಗೆ ಪೊಳ್ಳು, ಆದರೂ ಸುಲಭಕ್ಕೆ ಮುರಿಯಲ್ಲ. ಮೆಟೀರಿಯಲ್ ನ್ಯೂಟ್ರಲ್ ಆಕ್ಸಿಸ್‌ನಿಂದ ದೂರ ಇದ್ದಷ್ಟೂ ಮೊಮೆಂಟ್ ಆಫ್ ಇನರ್ಷಿಯಾ ಜಾಸ್ತಿ. ಹಾಗಾಗಿ ಕಂಬಗಳನ್ನು ಹೊರಗೋಡೆಯಲ್ಲಿ ಹತ್ತಿರ ಹತ್ತಿರ ನಿಲ್ಲಿಸಿ, ತೊಲೆಗಳಿಂದ ಬಿಗಿದು, ಇಡೀ ಕಟ್ಟಡವನ್ನೇ ಒಂದು ಟ್ಯೂಬ್ ಮಾಡಿಬಿಟ್ಟರು. ಶಿಕಾಗೋದ 43 ಅಂತಸ್ತಿನ ಡಿವಿಟ್-ಚೆಸ್ಟ್‌ನಟ್ ಅಪಾರ್ಟ್‌ಮೆಂಟ್ ಈ ರೀತಿಯ ಮೊದಲ ಕಟ್ಟಡ.

ನಿಜವಾದ ಪರೀಕ್ಷೆ ಇದ್ದದ್ದು ಜಾನ್ ಹ್ಯಾನ್‌ಕಾಕ್ ಸೆಂಟರ್‌ನಲ್ಲಿ. 100 ಅಂತಸ್ತು, 344 ಮೀಟರ್. ಆರ್ಕಿಟೆಕ್ಟ್ ಬ್ರೂಸ್ ಗ್ರಹಾಂ, ಸ್ಟ್ರಕ್ಚರ್ ಖಾನ್ ಅವರದು. ಹೊರಗೋಡೆಗೆ ದೊಡ್ಡ ದೊಡ್ಡ X ಆಕಾರದ ಬ್ರೇಸಿಂಗ್. ಅಷ್ಟು ಎತ್ತರದಲ್ಲಿ ಕಟ್ಟಡ ಸ್ವಲ್ಪ ಓಲಾಡೋದು ಸಹಜ. ಆದರೆ ಮನೆಯಲ್ಲಿ ಕೂತವರಿಗೆ ತಲೆ ಸುತ್ತಬಾರದಲ್ವಾ? ಎಷ್ಟು ಓಲಾಡಿದರೆ ಮನುಷ್ಯನಿಗೆ ಗೊತ್ತಾಗುತ್ತೆ ಅಂತ ತಿಳಿಯೋಕೆ ಖಾನ್ ಶಿಕಾಗೋದ ವಿಜ್ಞಾನ ಮ್ಯೂಸಿಯಂನಲ್ಲಿದ್ದ ವಾಷಿಂಗ್ ಮಷಿನ್ ಪ್ರದರ್ಶನದ ತಿರುಗುವ ವೇದಿಕೆಯನ್ನೇ ಬಳಸಿಕೊಂಡರು. ಅದರ ಮೇಲೆ ತಾವೂ ನಿಂತು, ಬೇರೆಯವರನ್ನೂ ನಿಲ್ಲಿಸಿ ಪರೀಕ್ಷೆ ಮಾಡಿದರು.

ಕೆಲಸ ಸುಮಾರು 20 ಅಂತಸ್ತಿಗೆ ಬಂದಾಗ ಎಲ್ಲರ ಎದೆ ಧಸಕ್ಕೆಂದಿತು. ಪೂರ್ತಿ ಕಟ್ಟಡ ಎದ್ದ ಮೇಲೆ ಎಷ್ಟು ಕುಸಿಯಬಹುದು ಅಂತ ಲೆಕ್ಕ ಹಾಕಿದ್ದರೋ ಅಷ್ಟು ಸೆಟಲ್‌ಮೆಂಟ್ ಆಗಲೇ ಆಗಿಬಿಟ್ಟಿತ್ತು! ಕೆಲಸ ನಿಂತಿತು. ತಪ್ಪು ಟ್ಯೂಬಿನದಲ್ಲ, ಫೌಂಡೇಶನ್‌ನದು. ನೆಲದೊಳಗೆ ಆಳಕ್ಕೆ ಕೊರೆದು ಕಾಂಕ್ರೀಟ್ ತುಂಬಿದ ಕೈಸನ್‌ಗಳಲ್ಲಿ ದೋಷವಿತ್ತು. ಅದನ್ನು ಹುಡುಕಿ ಸರಿಮಾಡುವಷ್ಟರಲ್ಲಿ ಮಾಲೀಕನ ಕೈ ಖಾಲಿಯಾಗಿ ದಿವಾಳಿಯಾದ. ಸಾಲ ಕೊಟ್ಟಿದ್ದ ಜಾನ್ ಹ್ಯಾನ್‌ಕಾಕ್ ವಿಮಾ ಕಂಪನಿ ಕಟ್ಟಡವನ್ನು ವಹಿಸಿಕೊಂಡಿತು. ಅವರು ಬೇಕಿದ್ದರೆ ಡಿಸೈನನ್ನೇ ಬದಲಾಯಿಸಬಹುದಿತ್ತು, ಇಂಜಿನಿಯರನ್ನು ಕಳಿಸಬಹುದಿತ್ತು. ಎರಡೂ ಮಾಡಲಿಲ್ಲ. ಕಟ್ಟಡ ಮುಗಿದಾಗ ಅದಕ್ಕೆ ಹಿಡಿದ ಉಕ್ಕು ಪ್ರತಿ ಚದರ ಮೀಟರಿಗೆ ಸುಮಾರು 145 ಕೆಜಿ. ಎಂಪೈರ್ ಸ್ಟೇಟ್‌ನಲ್ಲಿ ಅದು ಸುಮಾರು 206 ಕೆಜಿ.

ಆಮೇಲೆ ತಡೆಯೋರೇ ಇರಲಿಲ್ಲ. ಎಣ್ಣೆ ದುಡ್ಡಿನಲ್ಲಿ ಬೆಳೆಯುತ್ತಿದ್ದ ಹ್ಯೂಸ್ಟನ್‌ನಲ್ಲಿ 50 ಅಂತಸ್ತಿನ ವನ್ ಶೆಲ್ ಪ್ಲಾಜಾ ಕಟ್ಟಿದರು, ಅದೂ ಹಗುರ ಕಾಂಕ್ರೀಟಿನಲ್ಲಿ, ಟ್ಯೂಬಿನೊಳಗೆ ಟ್ಯೂಬ್ ಇಟ್ಟು. ಹಳೇ ಪದ್ಧತಿಯಲ್ಲಿ 35 ಅಂತಸ್ತಿಗೆ ಬೀಳುವ ದರದಲ್ಲೇ 50 ಅಂತಸ್ತು ಎದ್ದಿತು. ಶಿಕಾಗೋದಲ್ಲಿ ಸಿಯರ್ಸ್ ಟವರ್‌ಗೆ ಒಂಬತ್ತು ಟ್ಯೂಬ್‌ಗಳನ್ನು ಮೂರು-ಮೂರರ ಸಾಲಿನಲ್ಲಿ ಕಟ್ಟು ಕಟ್ಟಿದರು. ಎರಡು 50ನೇ ಅಂತಸ್ತಿಗೆ ನಿಲ್ಲುತ್ತವೆ, ಎರಡು 66ಕ್ಕೆ, ಮೂರು 90ಕ್ಕೆ. ಉಳಿದೆರಡು ತುದಿಯವರೆಗೂ ಹೋಗುತ್ತವೆ. 110 ಅಂತಸ್ತು, 442 ಮೀಟರ್. 1990ರ ದಶಕದಲ್ಲಿ ಮಲೇಷ್ಯಾದ ಪೆಟ್ರೋನಾಸ್ ಬರುವವರೆಗೂ ಜಗತ್ತಿನಲ್ಲೇ ಎತ್ತರದ ಕಟ್ಟಡ ಅದು.

ಆ ಟವರ್ ಏಳುತ್ತಿದ್ದಾಗಲೇ, 1971ರಲ್ಲಿ, ಅವರ ಹುಟ್ಟೂರಿನ ಕಡೆ ಯುದ್ಧ ಶುರುವಾಯ್ತು. ಖಾನ್ ನಾನಾಯ್ತು ನನ್ನ ಡ್ರಾಯಿಂಗ್ ಆಯ್ತು ಅಂತ ಕೂರಲಿಲ್ಲ. ಶಿಕಾಗೋದ ಬಂಗಾಳಿಗಳನ್ನು ಒಟ್ಟುಗೂಡಿಸಿದರು, ಸಂತ್ರಸ್ತರಿಗಾಗಿ ಹಣ ಎತ್ತಿದರು, ಅಮೆರಿಕ ಸರ್ಕಾರ ತನ್ನ ನಿಲುವು ಬದಲಿಸಲಿ ಅಂತ ಓಡಾಡಿದರು. ಟವರ್ ಮುಗಿಯುವ ಹೊತ್ತಿಗೆ ಬಾಂಗ್ಲಾದೇಶವೂ ಹುಟ್ಟಿತ್ತು.

ಕೊನೆಯ ವರ್ಷಗಳಲ್ಲಿ ಜೆದ್ದಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್‌ಗೆ ಡೇರೆಯಂಥ ಬಟ್ಟೆಯ ಚಾವಣಿ ಮಾಡಿದರು. ಉಕ್ಕಿನ ಕಟ್ಟಡಗಳಿಗೆ ಹೆಸರಾದವರು ಯಾತ್ರಿಕರಿಗೆ ನೆರಳು ಬೇಕು ಅಂದಾಗ ಉಕ್ಕನ್ನೇ ಹಿಡಿದು ಕೂರಲಿಲ್ಲ. 1982ರ ಮಾರ್ಚ್ 27ರಂದು ಅದೇ ಜೆದ್ದಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. 53 ತುಂಬೋಕೆ ಒಂದು ವಾರ ಬಾಕಿಯಿತ್ತು. ಸಮಾಧಿ ಶಿಕಾಗೋದಲ್ಲೇ ಇದೆ. ಸಿಯರ್ಸ್ ಟವರ್ ಪಕ್ಕದ ರಸ್ತೆ ಮೂಲೆಗೆ ಈಗ ಅವರದೇ ಹೆಸರು.

ಟವರಿನ ಹೆಸರೇ 2009ರಲ್ಲಿ ವಿಲ್ಲಿಸ್ ಅಂತ ಬದಲಾಯ್ತು. ಮಾಲೀಕರು, ಬೋರ್ಡುಗಳು ಬದಲಾಗ್ತಾ ಇರ್ತವೆ. ಕಟ್ಟಡವನ್ನು ಗಾಳಿಯಲ್ಲಿ ನೆಟ್ಟಗೆ ನಿಲ್ಲಿಸಿರೋದು ಮಾತ್ರ ಖಾನ್ ಹಾಕಿದ ಲೆಕ್ಕ. ಗಗನಚುಂಬಿ ಅಂದ ತಕ್ಷಣ ನಮಗೆ ಜಾಸ್ತಿ ಸಿಮೆಂಟು, ಜಾಸ್ತಿ ಉಕ್ಕು ಅಂತಲೇ ಅನಿಸುತ್ತೆ. ಅವರು ಕಮ್ಮಿ ಉಕ್ಕನ್ನೇ ಸರಿಯಾದ ಜಾಗದಲ್ಲಿ ಇಟ್ಟರು, ಅಷ್ಟೇ. ಆ ಸರಿಯಾದ ಜಾಗ ಯಾವುದು ಅಂತ ಹೇಳಿಕೊಡೋದು ನಾವು ಬೈಯುವ ಆ ಸಬ್ಜೆಕ್ಟೇ ಕಣ್ರೋ!