ನೀಲ್ಸ್ ಬೋರ್

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಭೌತವಿಜ್ಞಾನಿಯೊಬ್ಬರ ಜೀವನದಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಪರಮಾಣುವಿನ ರಚನೆ ನಮ್ಮ ಪಠ್ಯದಲ್ಲಿಲ್ಲ, ನಿಜ. ಆದರೆ ಆ ಪರಮಾಣುವಿನ ಶಕ್ತಿ ದುಷ್ಟರ ಕೈ ಸೇರದಂತೆ ರಾಷ್ಟ್ರಗಳು ಒಂದುಗೂಡುವುದು ಹೇಗೆಂಬುದು ರಾಜ್ಯಶಾಸ್ತ್ರದ ಪ್ರಶ್ನೆ. ಬಾಂಬು ಇನ್ನೂ ಸಿದ್ಧವಾಗುವ ಮೊದಲೇ ರಾಷ್ಟ್ರಗಳ ಸಹಕಾರದ ಮಾತನ್ನೆತ್ತಿದ ಮಹನೀಯರು ಡೆನ್ಮಾರ್ಕಿನ ನೀಲ್ಸ್ ಬೋರ್.

ಬೋರರು 1885ರ ಅಕ್ಟೋಬರ್ 7ರಂದು ಕೋಪನ್‌ಹೇಗನ್ ನಗರದಲ್ಲಿ ಜನಿಸಿದರು. ತಂದೆ ಶರೀರಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಯೆಹೂದಿ ಮನೆತನದವರು. 1911ರಲ್ಲಿ ಡಾಕ್ಟರೇಟ್ ಪದವಿ ಪಡೆದು ಇಂಗ್ಲೆಂಡಿಗೆ ತೆರಳಿದ ಬೋರರು ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡರ ಬಳಿ ಕೆಲಸ ಮಾಡಿದರು. 1913ರಲ್ಲಿ ಪರಮಾಣುವಿನ ರಚನೆಯನ್ನು ಹೊಸದಾಗಿ ನಿರೂಪಿಸಿ, 1922ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಕೋಪನ್‌ಹೇಗನ್ನಿನಲ್ಲಿ ಅವರು ತೆರೆದ ಸಂಶೋಧನಾ ಸಂಸ್ಥೆಗೆ ನಾನಾ ದೇಶಗಳ ತರುಣರು ಬಂದು ಸೇರಿದರು. ಅಲ್ಲಿ ಒಬ್ಬರ ಶೋಧ ಎಲ್ಲರ ಸೊತ್ತಾಗಿತ್ತು.

1940ರ ಏಪ್ರಿಲ್‌ನಲ್ಲಿ ಜರ್ಮನಿಯ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿತು. 1943ರಲ್ಲಿ ಬಂಧನದ ಸುಳಿವು ದೊರೆತು ಬೋರರು ರಾತ್ರೋರಾತ್ರಿ ದೋಣಿಯೇರಿ ಸ್ವೀಡನ್ನಿಗೆ ಪಾರಾದರು. ಅಲ್ಲಿಂದ ಬ್ರಿಟಿಷ್ ಯುದ್ಧವಿಮಾನದಲ್ಲಿ ಬಾಂಬು ಇಡುವ ಜಾಗದಲ್ಲೇ ಅವರನ್ನು ಸಾಗಿಸಲಾಯಿತು. ಆಮ್ಲಜನಕ ದೊರೆಯದೆ ಅವರು ದಾರಿಯಲ್ಲಿ ಪ್ರಜ್ಞೆ ತಪ್ಪಿದ್ದರು. ಬಳಿಕ ಅಮೆರಿಕದ ಲಾಸ್ ಅಲಮಾಸ್‌ನಲ್ಲಿ ನಿಕೋಲಸ್ ಬೇಕರ್ ಎಂಬ ಹುಸಿ ಹೆಸರಿನಿಂದ ಅಣು ಬಾಂಬಿನ ಕಾರ್ಯಕ್ಕೆ ಸಲಹೆಗಾರರಾದರು.

ಬಾಂಬನ್ನು ಮಾಡುವುದಕ್ಕಿಂತಲೂ ಅದಾದ ಮೇಲೆ ಲೋಕದ ಗತಿಯೇನೆಂಬುದೇ ಅವರ ಚಿಂತೆಯಾಗಿತ್ತು. ನಿಸರ್ಗದ ನಿಯಮವನ್ನು ಒಂದು ದೇಶ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾರದು. ಇಂದು ಒಬ್ಬರು ಕಂಡುದನ್ನು ನಾಳೆ ಮತ್ತೊಬ್ಬರು ಕಾಣುವರು. ಬಾಂಬು ಮಾಡುವ ವಿಧಾನವನ್ನು ಹಂಚಿರೆಂದು ಅವರು ಕೇಳಲಿಲ್ಲ. ಇಂಥದೊಂದು ಶಕ್ತಿ ಬರಲಿದೆಯೆಂದು ರಷ್ಯಕ್ಕೆ ಮೊದಲೇ ತಿಳಿಸಿ, ಎಲ್ಲರೂ ಕೂಡಿ ನಿಯಂತ್ರಣಕ್ಕೆ ಒಪ್ಪಂದ ಮಾಡಿಕೊಳ್ಳಬೇಕೆಂದರು. ಇಲ್ಲವಾದರೆ ಶಸ್ತ್ರಾಸ್ತ್ರಗಳ ಪೈಪೋಟಿ ತಪ್ಪದೆಂದು ಎಚ್ಚರಿಸಿದರು.

1944ರ ಮೇ ತಿಂಗಳಲ್ಲಿ ಬೋರರು ಚರ್ಚಿಲರನ್ನು ಕಂಡರು. ತಗ್ಗಿದ ದನಿಯಲ್ಲಿ, ತಡವರಿಸುತ್ತ ಮಾತನಾಡುವ ಸ್ವಭಾವ ಅವರದು, ಚರ್ಚಿಲರಿಗೆ ತಾಳ್ಮೆಯಿರಲಿಲ್ಲ. ಭೇಟಿ ನಿಷ್ಫಲವಾಯಿತು. ಆಗಸ್ಟಿನಲ್ಲಿ ರೂಸ್ವೆಲ್ಟರು ಸೌಜನ್ಯದಿಂದ ಆಲಿಸಿದರು. ಆದರೆ ಸೆಪ್ಟೆಂಬರಿನಲ್ಲಿ ಇಬ್ಬರು ನಾಯಕರೂ ಸೇರಿ ಗುಟ್ಟು ಗುಟ್ಟಾಗಿಯೇ ಇರಬೇಕೆಂದೂ, ಬೋರರ ಚಟುವಟಿಕೆಗಳನ್ನು ವಿಚಾರಿಸಬೇಕೆಂದೂ ನಿಶ್ಚಯಿಸಿದರು. ತಾಯ್ನಾಡನ್ನು ತೊರೆದು ಬಂದ ಸಜ್ಜನರ ಮೇಲೆಯೇ ಸಂಶಯ ಬಿತ್ತು!

1945ರಲ್ಲಿ ಹಿರೋಷಿಮ, ನಾಗಸಾಕಿಗಳು ಸುಟ್ಟು ಬೂದಿಯಾದುವು. 1949ರಲ್ಲಿ ರಷ್ಯ ತನ್ನ ಬಾಂಬನ್ನು ಸಿಡಿಸಿತು. ಗುಟ್ಟು ಐದು ವರ್ಷವೂ ಬಾಳಲಿಲ್ಲ. ಆದರೂ ಬೋರರು ಕೈಚೆಲ್ಲಿ ಕೂಡಲಿಲ್ಲ. 1950ರ ಜೂನ್ 9ರಂದು ವಿಶ್ವಸಂಸ್ಥೆಗೆ ಬಹಿರಂಗ ಪತ್ರ ಬರೆದು, ರಾಷ್ಟ್ರಗಳು ಒಂದಕ್ಕೊಂದು ಬಾಗಿಲು ತೆರೆಯಬೇಕೆಂದು ಬೇಡಿದರು. ಅದೇ ತಿಂಗಳಲ್ಲಿ ಕೊರಿಯದ ಯುದ್ಧ ಆರಂಭವಾಯಿತು. ಅವರ ದನಿ ಆ ಗದ್ದಲದಲ್ಲಿ ಅಡಗಿತು.

1957ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಸ್ಥಾಪಿತವಾಯಿತು. ಶಾಂತಿಗಾಗಿ ಪರಮಾಣು ಎಂಬ ಪ್ರಶಸ್ತಿ ಮೊತ್ತಮೊದಲು ಬೋರರಿಗೆ ಸಂದುದೂ ಆ ವರ್ಷವೇ. 1962ರ ನವೆಂಬರ್ 18ರಂದು ಅವರು ಕಾಲವಾದರು.

ಬೋರರು ಯೋಚಿಸಿದ್ದು ರಾಷ್ಟ್ರಗಳ ಬಗೆಗೆ. ಇಂದು ಭಯೋತ್ಪಾದಕರ ಭೀತಿಯೂ ಸೇರಿದೆ. ಒಂದು ದೇಶದಲ್ಲಿ ಕಳವಾದ ಯುರೇನಿಯಂ ಮತ್ತೊಂದು ದೇಶದ ನಗರಕ್ಕೆ ಮೃತ್ಯುವಾಗಬಹುದು. ಅದಕ್ಕೆಂದೇ ಪರಮಾಣು ವಸ್ತುಗಳ ಭದ್ರತೆಗೆ 1980ರಲ್ಲಿ ಒಂದು ಒಪ್ಪಂದ ಸಹಿಗೆ ಬಂದಿತು. ಪರಮಾಣು ಭಯೋತ್ಪಾದನೆಯನ್ನು ತಡೆಯುವ ಒಪ್ಪಂದವನ್ನು ವಿಶ್ವಸಂಸ್ಥೆ 2005ರಲ್ಲಿ ಅಂಗೀಕರಿಸಿತು. 2007ರಲ್ಲಿ ಅದು ಜಾರಿಗೆ ಬಂದಿತು. ಅದರಂತೆ ಸದಸ್ಯ ರಾಷ್ಟ್ರಗಳು ಇಂಥ ಸಂಚಿನ ಸುದ್ದಿಯನ್ನು ಪರಸ್ಪರ ತಿಳಿಸಬೇಕು. ಸಿಕ್ಕಿಬಿದ್ದ ಅಪರಾಧಿಯನ್ನು ತಾವೇ ವಿಚಾರಣೆಗೆ ಗುರಿಪಡಿಸಬೇಕು, ಇಲ್ಲವೇ ಕೇಳಿದ ದೇಶಕ್ಕೆ ಒಪ್ಪಿಸಬೇಕು. ಕಾವಲಿನ ಗುಟ್ಟುಗಳು ಗುಟ್ಟಾಗಿಯೇ ಉಳಿಯುತ್ತವೆ. ಅಪಾಯದ ಸುದ್ದಿ ಮಾತ್ರ ಗಡಿ ದಾಟಬೇಕು. ಬೋರರು ಕೇಳಿದ್ದ ವಿಶ್ವಾಸದ ಒಂದು ಪಾಲಾದರೂ ಇದರಲ್ಲಿದೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ವಿದ್ಯೆ ಕೆಲವೇ ಮನೆಗಳಲ್ಲಿ ನಿಲ್ಲದೆ ಹರಿದು ಬಂದುದರಿಂದಲೇ ನಮ್ಮಂಥವರಿಗೂ ಅದು ದಕ್ಕಿತು. ಹರಿಯುವುದೇ ವಿದ್ಯೆಯ ಗುಣ. ಅದು ಹರಿದೆಡೆಯಲ್ಲೆಲ್ಲ ಹೊಣೆಯೂ ಜೊತೆಗೆ ಹೋಗುವಂತೆ ನೋಡಿಕೊಳ್ಳುವುದು ಓದಿದವರೆಲ್ಲರ ಕರ್ತವ್ಯ. ಅಧಿಕಾರವಿಲ್ಲದ ಒಬ್ಬ ಪ್ರಾಧ್ಯಾಪಕರು ಸೋತರೂ ಬಿಡದೆ ಮಾಡಿದ ಕೆಲಸ ಅದೇ.