ಮುಳ್ಳುತಂತಿ ಕಾಣದಂತೆ ತೆಗೆಯಬೇಕಿದ್ದ ಚಿತ್ರಗಳು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮೂರಿನ ಮಾರುಕಟ್ಟೆಯಲ್ಲಿ ಬೀದಿಬದಿ ವ್ಯಾಪಾರಿಗಳನ್ನು ತೆರವುಗೊಳಿಸುವ ಕಾರ್ಯಾಚರಣೆ ನಡೆದಿತ್ತು. ವೃದ್ಧೆಯೊಬ್ಬರ ಸೊಪ್ಪಿನ ಬುಟ್ಟಿಯನ್ನು ಲಾರಿಗೆ ಎಸೆಯುತ್ತಿದ್ದ ಗಳಿಗೆಯಲ್ಲಿ ನಾನು ಕ್ಯಾಮೆರಾ ಎತ್ತಿದೆ. ಪೊಲೀಸ್ ಪೇದೆಯೊಬ್ಬರು ಬಂದು ಲೆನ್ಸಿಗೆ ಅಂಗೈ ಅಡ್ಡ ಹಿಡಿದರು. ತೆಗೆದದ್ದನ್ನೆಲ್ಲ ಅಳಿಸುವಂತೆ ಹೇಳಿದರು. ಯಾವ ಕಾನೂನಿನ ಪ್ರಕಾರ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುಮಾತಿಲ್ಲದೆ ಅಳಿಸಿ ಮನೆಗೆ ಬಂದೆ. ಆ ಸಂಜೆಯ ಅಳುಕು ಕಾಡಿದಾಗಲೆಲ್ಲ ನನಗೆ ನೆನಪಾಗುವುದು ಡೊರೊಥಿಯಾ ಲ್ಯಾಂಗ್ ಎಂಬ ಅಮೆರಿಕದ ಛಾಯಾಗ್ರಾಹಕಿಯ ಬದುಕು.

ಲ್ಯಾಂಗ್ ಹುಟ್ಟಿದ್ದು 1895ರಲ್ಲಿ, ನ್ಯೂಜೆರ್ಸಿಯ ಹೊಬೊಕೆನ್ ಪಟ್ಟಣದಲ್ಲಿ. ಏಳನೆಯ ವಯಸ್ಸಿನಲ್ಲಿ ತಗುಲಿದ ಪೋಲಿಯೊ ಬಲಗಾಲನ್ನು ಶಾಶ್ವತವಾಗಿ ಕುಂಟಾಗಿಸಿತು. ಹನ್ನೆರಡರ ಹೊತ್ತಿಗೆ ತಂದೆ ಮನೆ ಬಿಟ್ಟು ಹೋದರು. ಮಗಳು ಮುಂದೆ ತಂದೆಯ ಹೆಸರನ್ನು ತೊರೆದು ತಾಯಿಯ ತವರಿನ ಹೆಸರನ್ನು ಇಟ್ಟುಕೊಂಡರು. 1918ರಲ್ಲಿ ಗೆಳತಿಯೊಡನೆ ವಿಶ್ವಪರ್ಯಟನೆಗೆಂದು ಹೊರಟವರ ಹಣ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಳುವಾಯಿತು. ಪ್ರಯಾಣ ಅಲ್ಲಿಗೇ ನಿಂತಿತು. ಅದೇ ನಗರದಲ್ಲಿ ಸ್ಟುಡಿಯೊ ತೆರೆದು, ಸಿರಿವಂತ ಕುಟುಂಬಗಳ ಭಾವಚಿತ್ರ ತೆಗೆಯುತ್ತ ಆಕೆ ಹೆಸರು ಮಾಡಿದರು.

ಆರ್ಥಿಕ ಮಹಾಕುಸಿತ ಆ ಬದುಕನ್ನು ಬದಲಿಸಿತು. ಕಿಟಕಿಯಾಚೆ ನಿರುದ್ಯೋಗಿಗಳು ಅಲೆಯುತ್ತಿರುವಾಗ ಸ್ಟುಡಿಯೊದೊಳಗೆ ಕುಳಿತಿರುವುದು ಅವರಿಗೆ ಕಷ್ಟವಾಯಿತು. 1933ರಲ್ಲಿ ಬೀದಿಗಿಳಿದು, ಉಚಿತ ಊಟದ ಸಾಲಿನಲ್ಲಿ ಜನರ ಕಡೆಗೆ ಬೆನ್ನು ಹಾಕಿ ನಿಂತಿದ್ದ ಒಬ್ಬ ವೃದ್ಧನ ಚಿತ್ರ ತೆಗೆದರು. ಮುಂದೆ ಅರ್ಥಶಾಸ್ತ್ರಜ್ಞ ಪಾಲ್ ಟೇಲರ್ ಅವರ ಒಡನಾಟದಲ್ಲಿ, ಸರ್ಕಾರದ ಪುನರ್ವಸತಿ ಇಲಾಖೆಯ ಛಾಯಾಗ್ರಾಹಕಿಯಾಗಿ, ಗುಳೆ ಹೊರಟ ರೈತರ ಹಿಂದೆ ಸಾವಿರಾರು ಮೈಲಿ ಸುತ್ತಿದರು. ಇಬ್ಬರೂ 1935ರಲ್ಲಿ ಮದುವೆಯಾದರು. 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ, ಹಿಮದಿಂದ ಬಟಾಣಿ ಬೆಳೆ ಹಾಳಾಗಿ ಕೂಲಿಯಿಲ್ಲದೆ ಕುಳಿತಿದ್ದ ತಾಯಿ ಮತ್ತು ಮಕ್ಕಳ ಚಿತ್ರ ತೆಗೆದರು. ವಲಸೆ ತಾಯಿ ಎಂದು ಜಗತ್ತೇ ಗುರುತಿಸುವ ಚಿತ್ರವದು.

ಇಲ್ಲಿಯವರೆಗೆ ಕ್ಯಾಮೆರಾ ಮತ್ತು ಸರ್ಕಾರ ಒಂದೇ ಕಡೆ ಇದ್ದವು. ಬಡತನದ ಚಿತ್ರಗಳು ಪರಿಹಾರ ಯೋಜನೆಗಳಿಗೆ ಜನಬೆಂಬಲ ತರುತ್ತಿದ್ದುದರಿಂದ ಸರ್ಕಾರಕ್ಕೆ ಅವು ಬೇಕಾಗಿದ್ದವು. ಅದೇ ಸರ್ಕಾರಕ್ಕೆ ಅದೇ ಕ್ಯಾಮೆರಾ ಬೇಡವಾದ ದಿನವೂ ಬಂತು.

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಜಪಾನಿ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ, ಅಂಗಡಿ, ಹೊಲ ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಸ್ಥಳಾಂತರದ ಹೊಣೆ ಹೊತ್ತ ಪ್ರಾಧಿಕಾರ ಇದನ್ನು ಚಿತ್ರಗಳಲ್ಲಿ ದಾಖಲಿಸಲು ಲ್ಯಾಂಗ್ ಅವರನ್ನು ನೇಮಿಸಿತು. ಎಲ್ಲವೂ ಶಿಸ್ತಾಗಿ, ಮಾನವೀಯವಾಗಿ ನಡೆಯುತ್ತಿದೆ ಎಂಬ ಸಾಕ್ಷ್ಯ ಅದಕ್ಕೆ ಬೇಕಿತ್ತು. ಲ್ಯಾಂಗ್ ಈ ನೀತಿಯನ್ನೇ ವಿರೋಧಿಸುತ್ತಿದ್ದರು. ಆದರೂ ಕೆಲಸ ಒಪ್ಪಿಕೊಂಡರು.

ಜೊತೆಗೆ ಷರತ್ತುಗಳೂ ಬಂದವು. ಮುಳ್ಳುತಂತಿ ಚಿತ್ರದಲ್ಲಿ ಕಾಣಬಾರದು. ಕಾವಲು ಗೋಪುರ, ಅದರ ಮೇಲಿನ ಶೋಧದೀಪ ಕಾಣಬಾರದು. ಬಂದೂಕು ಹಿಡಿದ ಸೈನಿಕರು ಕಾಣಬಾರದು. ಸರ್ಕಾರವೇ ಕೊಟ್ಟ ಅನುಮತಿಪತ್ರ ಕೈಯಲ್ಲಿದ್ದರೂ ಆಕೆಯನ್ನು ತಡೆದು ವಿಚಾರಿಸುತ್ತಿದ್ದರು. ಈ ನಿರ್ಬಂಧಗಳ ನಡುವೆಯೇ ಲ್ಯಾಂಗ್ ಕೆಲವೇ ತಿಂಗಳಲ್ಲಿ ಸುಮಾರು 800 ಚಿತ್ರಗಳನ್ನು ತೆಗೆದರು.

ಆ ಚಿತ್ರಗಳನ್ನು ನೋಡುತ್ತ ಕುಳಿತಾಗ, ಕಾಣಬಾರದೆಂದದ್ದನ್ನು ತೋರಿಸದೆಯೂ ಎಷ್ಟನ್ನು ಕಾಣಿಸಬಹುದು ಎಂದು ನಾನು ಬೆರಗಾಗಿದ್ದೇನೆ. ಓಕ್ಲೆಂಡಿನ ಒಂದು ದಿನಸಿ ಅಂಗಡಿಯ ಮೇಲೆ, ತಾನು ಅಮೆರಿಕದವನೆಂದು ಮಾಲೀಕ ದೊಡ್ಡಕ್ಷರಗಳಲ್ಲಿ ಬರೆಸಿ ತೂಗುಹಾಕಿದ ಫಲಕವಿದೆ. ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಯ ಅಂಗಳದಲ್ಲಿ ಎದೆಯ ಮೇಲೆ ಕೈಯಿಟ್ಟು ರಾಷ್ಟ್ರಧ್ವಜಕ್ಕೆ ನಿಷ್ಠೆ ಹೇಳುತ್ತಿರುವ ಪುಟ್ಟ ಹುಡುಗಿಯರಿದ್ದಾರೆ. ಬಸ್ಸಿಗೆ ಕಾಯುತ್ತಿರುವ ಮಕ್ಕಳ ಕೋಟುಗಳಿಗೆ ಸಾಮಾನಿನ ಗಂಟಿಗೆ ಕಟ್ಟುವಂಥ ಸಂಖ್ಯಾಚೀಟಿಗಳನ್ನು ಕಟ್ಟಿದ್ದಾರೆ. ಟ್ಯಾನ್‌ಫೊರಾನ್ ಕುದುರೆ ಪಂದ್ಯದ ಮೈದಾನದಲ್ಲಿ ಲಾಯಗಳೇ ಸಂಸಾರಗಳ ಮನೆಗಳಾಗಿವೆ. ಮನ್‌ಜನಾರ್ ಶಿಬಿರದಲ್ಲಿ ಮರಳುಗಾಳಿಯ ನಡುವೆ ಧ್ವಜ ಹಾರುತ್ತಿದೆ. ಇವುಗಳಲ್ಲಿ ಮುಳ್ಳುತಂತಿ ಇಲ್ಲ. ಅದರ ಅಗತ್ಯವೂ ಕಾಣುವುದಿಲ್ಲ.

ಸೇನೆಗೂ ಇದು ಅರ್ಥವಾಗಿರಬೇಕು. ನೆಗೆಟಿವ್‌ಗಳು, ಪ್ರತಿಗಳೆಲ್ಲ ಅದರ ವಶವಾದವು. ಕೆಲವು ಪ್ರತಿಗಳ ಮೇಲೆ ಜಪ್ತಿ ಎಂಬ ಷರಾ ಬಿತ್ತು. ಯುದ್ಧ ಮುಗಿಯುವವರೆಗೆ ಬಹುತೇಕ ಚಿತ್ರಗಳನ್ನು ಜನ ನೋಡಲೇ ಇಲ್ಲ.

ನಿರ್ಬಂಧದ ಸಮರ್ಥನೆಗೆ ಮುಂದಿಟ್ಟದ್ದು ದೇಶದ ಭದ್ರತೆಯ ಹೆಸರು. ಯುದ್ಧಕಾಲದಲ್ಲಿ ಬಂದರು, ಹಡಗು, ಶಸ್ತ್ರಾಗಾರಗಳ ಚಿತ್ರ ತೆಗೆಯಬಾರದೆಂದರೆ ಅದರಲ್ಲಿ ಅರ್ಥವಿದೆ. ನಮ್ಮಲ್ಲಿಯೂ 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿಷೇಧಿತ ಸ್ಥಳಗಳನ್ನು ಗುರುತಿಸುತ್ತದೆ. ಆದರೆ ಶಿಬಿರದ ಮುಳ್ಳುತಂತಿಯ ಚಿತ್ರದಿಂದ ಜಪಾನಿನ ನೌಕಾಪಡೆಗೆ ಯಾವ ಗುಟ್ಟು ತಿಳಿಯುತ್ತಿತ್ತು? ಆ ಚಿತ್ರದಿಂದ ಏನಾದರೂ ತಿಳಿಯುವುದಿದ್ದರೆ ಅದು ಅಮೆರಿಕದ ಮತದಾರನಿಗೆ. ಮರೆಮಾಡಿದ್ದು ಶತ್ರುವಿನಿಂದಲ್ಲ, ಸ್ವಂತ ಪ್ರಜೆಗಳಿಂದ. ಚಿತ್ರ ತೆಗೆಯುವುದಕ್ಕೆ ಪೊಲೀಸರು ಅಡ್ಡಿ ಮಾಡಿದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ: ಇದು ಯಾರ ಕಣ್ಣಿಗೆ ಬೀಳಬಾರದು?

ಶಿಬಿರದೊಳಗಿದ್ದವರ ಸ್ಥಿತಿ ಇನ್ನೂ ಕಠಿಣ. ಕ್ಯಾಮೆರಾ ಇಟ್ಟುಕೊಳ್ಳುವುದೇ ಅವರಿಗೆ ನಿಷಿದ್ಧವಾಗಿತ್ತು. ಲಾಸ್ ಏಂಜಲೀಸಿನ ಛಾಯಾಗ್ರಾಹಕ ತೊಯೊ ಮಿಯಾತಾಕೆ ಮನ್‌ಜನಾರ್‌ಗೆ ಒಂದು ಲೆನ್ಸನ್ನು ಗುಟ್ಟಾಗಿ ಒಯ್ದು, ಮರದ ಪೆಟ್ಟಿಗೆಯೊಂದನ್ನು ಮಾಡಿಸಿ ಅದಕ್ಕೆ ಜೋಡಿಸಿ ಚಿತ್ರ ತೆಗೆದರು. ಸಿಕ್ಕಿಬಿದ್ದ ಮೇಲೆ ಶಿಬಿರದ ಅಧಿಕಾರಿಗಳು ಚಿತ್ರ ತೆಗೆಯಲು ಅವಕಾಶ ಕೊಟ್ಟರು. ಆದರೆ ಮೊದಮೊದಲು ಗುಂಡಿ ಒತ್ತುವ ಬೆರಳು ಬಿಳಿಯನದ್ದಾಗಿರಬೇಕಿತ್ತು. ಚೌಕಟ್ಟು, ಬೆಳಕು, ನೋಟ ಎಲ್ಲವೂ ಮಿಯಾತಾಕೆಯವರದು, ಬೆರಳು ಮಾತ್ರ ಪರರದು. ನಿರ್ಬಂಧವೊಂದು ಎಷ್ಟು ಹಾಸ್ಯಾಸ್ಪದವಾಗಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಇಷ್ಟು ಹೇಳಿದ ಮೇಲೆ, ಕ್ಯಾಮೆರಾ ಹಿಡಿದವರ ಹಕ್ಕು ಪ್ರಶ್ನಾತೀತವೇನೂ ಅಲ್ಲ ಎಂಬುದನ್ನೂ ಒಪ್ಪಬೇಕು. ನಿಪೊಮೊದ ಆ ತಾಯಿಯ ಹೆಸರನ್ನು ಲ್ಯಾಂಗ್ ಕೇಳಲೇ ಇಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ, ಲ್ಯಾಂಗ್ ಸತ್ತು ಹದಿಮೂರು ವರ್ಷಗಳ ಮೇಲೆ. ಜಗತ್ತಿನಾದ್ಯಂತ ಅಚ್ಚಾದ ತನ್ನ ಮುಖದಿಂದ ತನಗೇನೂ ದಕ್ಕಲಿಲ್ಲವೆಂಬ ನೋವು ಆಕೆಯಲ್ಲಿ ಉಳಿದಿತ್ತು. ಆದರೆ ಆ ದೂರು ಚಿತ್ರದಲ್ಲಿರುವ ವ್ಯಕ್ತಿಯದು; ಅದನ್ನು ಆಲಿಸಲೇಬೇಕು. ಅಧಿಕಾರಸ್ಥರು ತಮ್ಮ ಕೃತ್ಯವನ್ನು ಮರೆಮಾಡಲು ಅಂಥವರ ಮಾನದ ಹೆಸರೆತ್ತುವುದು ಬೇರೆ ಮಾತು.

ಲ್ಯಾಂಗ್ 1965ರ ಅಕ್ಟೋಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 1972ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಶಿಬಿರಗಳ ಕುರಿತ ಪ್ರದರ್ಶನ ನಡೆದಾಗ ಆಕೆಯ ಚಿತ್ರಗಳೂ ಅಲ್ಲಿದ್ದವು. 1983ರಲ್ಲಿ ಸಂಸತ್ತು ನೇಮಿಸಿದ್ದ ಆಯೋಗ, ಈ ಬಂಧನಕ್ಕೆ ಕಾರಣ ಸೈನಿಕ ಅಗತ್ಯವಲ್ಲ, ಜನಾಂಗ ದ್ವೇಷ, ಯುದ್ಧೋನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲು ಎಂಬ ತೀರ್ಮಾನಕ್ಕೆ ಬಂತು. 1988ರ ಕಾಯ್ದೆಯ ಮೂಲಕ ಸರ್ಕಾರ ಕ್ಷಮೆ ಕೋರಿ, ಬದುಕುಳಿದಿದ್ದ ಪ್ರತಿಯೊಬ್ಬರಿಗೆ 20,000 ಡಾಲರ್ ಪರಿಹಾರ ಕೊಟ್ಟಿತು. 2006ರಲ್ಲಿ ಲ್ಯಾಂಗ್ ಅವರ ಜಪ್ತಾದ ಚಿತ್ರಗಳ ಪುಸ್ತಕವೊಂದು ಹೊರಬಂತು.

ಇದೆಲ್ಲ ಸಾಧ್ಯವಾದದ್ದು ಒಂದು ಕಾರಣಕ್ಕೆ. ಚಿತ್ರಗಳನ್ನು ಬಚ್ಚಿಟ್ಟ ಸರ್ಕಾರ ಅವನ್ನು ಸುಡಲಿಲ್ಲ. ನೆಗೆಟಿವ್‌ಗಳು ರಾಷ್ಟ್ರೀಯ ಪತ್ರಾಗಾರ ಸೇರಿ, ತಮ್ಮ ಕಾಲಕ್ಕಾಗಿ ಕಾದವು. ಇಂದಿನ ಕ್ಯಾಮೆರಾದಲ್ಲಿ ಅಳಿಸಿದ್ದಕ್ಕೆ ಯಾವ ಪತ್ರಾಗಾರವೂ ಇಲ್ಲ. ಜಪ್ತಾದದ್ದು ಮರಳಬಹುದು, ಬೀದಿಯಲ್ಲಿ ಬೆದರಿ ಅಳಿಸಿದ್ದು ಮರಳದು.

ಆ ವೃದ್ಧೆ ಮರುವಾರ ಅದೇ ಜಾಗದಲ್ಲಿ ಬೇರೊಂದು ಬುಟ್ಟಿಯೊಂದಿಗೆ ಕುಳಿತಿದ್ದರು. ನಾನು ಸೊಪ್ಪು ಕೊಂಡೆ. ಹಿಂದಿನ ವಾರ ಆಕೆಯ ಬುಟ್ಟಿಗೆ ಏನಾಯಿತು ಎಂಬುದಕ್ಕೆ ನಮ್ಮಿಬ್ಬರ ನೆನಪಿನ ಹೊರತು ಬೇರಾವ ದಾಖಲೆಯೂ ಉಳಿದಿರಲಿಲ್ಲ. ಇದ್ದ ಒಂದನ್ನು ನನ್ನ ಬೆರಳೇ ಅಳಿಸಿತ್ತು.